ಪೂಜೆಗೆ ಕೂತ ಫೈಲು

ಕೂತು ಊಟ ಮಾಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ, ಎಡಗೈಯಲ್ಲಿ ತಟ್ಟೆ ಹಿಡಿದು, ಹುಳಿಯನ್ನ ಬಾಯಲ್ಲಿರುವಾಗಲೇ ಮಜ್ಜಿಗೆಯ ಪಾತ್ರೆ ಎಳೆದುಕೊಂಡು, ಕಣ್ಣನ್ನು ಬಾಲ್ಕನಿಯ ಕಡೆ ಇಟ್ಟು ಉಣ್ಣುತ್ತೇನೆ. ಇದನ್ನು ನೋಡಿದರೆ ನಮ್ಮ ಅತ್ತೆಗೆ ಮೈ ಉರಿಯುತ್ತಿತ್ತು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ಕಣೇ, ಅನ್ನಕ್ಕಾದ್ರೂ ಒಂದು ಮರ್ಯಾದೆ ಬೇಡ್ವಾ" ಎನ್ನುತ್ತಿದ್ದರು. ಅವರು ಹೇಳಿದಷ್ಟೂ ನಾನು ಇನ್ನೂ ಬೇಗ ನುಂಗುತ್ತಿದ್ದೆ. ಲಾಂಡ್ರಿಯ ಲೈಸೆನ್ಸಿಗೆ ಓಡಾಡಿದ ಆ ವರ್ಷವಂತೂ ತಟ್ಟೆಯಲ್ಲಿ ಏನಿತ್ತು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ನಾವು ಮೈಸೂರಿನ ಕಡೆಯವರು. ನನ್ನ ಗಂಡನಿಗೆ ಮದ್ರಾಸಿನ ಪೆರುಂಗುಡಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತೆಂದು ಮೈಲಾಪೂರಿಗೆ ಬಂದು, ಹಳೆಯ ಮನೆಯೊಂದರ ಮಹಡಿ ಹಿಡಿದೆವು. ಅತ್ತೆಯೂ ನಮ್ಮ ಜೊತೆಗೇ ಬಂದರು. ಮದುವೆಗೆ ಮೊದಲು ನಾನು ಮೈಸೂರಿನ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ, ಟವೆಲುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹಾಗಾಗಿ ಮಹಾಬಲಿಪುರಂ ರಸ್ತೆಯುದ್ದಕ್ಕೂ ಆಫೀಸುಗಳೂ ಅವುಗಳ ಗೆಸ್ಟ್ ಹೌಸುಗಳೂ ಏಳುವುದನ್ನು ಕಂಡಾಗ ಉಳಿದವರಿಗೆ ಗಾಜಿನ ಕಟ್ಟಡ ಕಾಣಿಸಿದರೆ ನನಗೆ ಕಾಣಿಸಿದ್ದು ಅದರೊಳಗಿನ ಕೊಳೆ ಬೆಡ್‌ಶೀಟು. ಇಷ್ಟೊಂದನ್ನು ಯಾರು ಒಗೆಯುತ್ತಾರೆ? ಆ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮನೆಯ ಕೆಳಗೆ ಓನರ್ ಮಾಮಾ ಕಾರು ಮಾರಿದ ಮೇಲೆ ಖಾಲಿ ಬಿದ್ದಿದ್ದ ಶೆಡ್ಡು ಇತ್ತು. ಮೇಲೆ ಬಟ್ಟೆ ಹರವಲು ವಿಶಾಲವಾದ ತಾರಸಿ ಇತ್ತು. ಇನ್ನೇನು ಬೇಕು ಎಂದುಕೊಂಡೆ. ಎಷ್ಟೊಂದು ಬೇಕಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಮೊದಲು ಬೇಕಾಗಿದ್ದು ಅತ್ತೆಯ ಒಪ್ಪಿಗೆ. ಅದು ಸಿಗಲಿಲ್ಲ. ಅವರು ಬೆಳಗಿನ ಜಾವ ತಾವೇ ಹಿಂಡಿದ ಸೀರೆಯನ್ನು ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವಿ, ಮಧ್ಯಾಹ್ನ ಊಟವಾಗುವವರೆಗೆ ಮೊಮ್ಮಗಳನ್ನೂ ಮುಟ್ಟದೆ ಮಡಿಯಲ್ಲಿರುವವರು. ಅಂಥವರ ಕಾಲ ಕೆಳಗೆ ಊರಿನ ಕೊಳೆಯನ್ನೆಲ್ಲ ತಂದು ಸುರಿಯುತ್ತೇನೆ ಎಂದರೆ? "ಯಾರೋ ಹೆತ್ತ ಬಟ್ಟೆ, ಯಾರೋ ಸತ್ತ ಬಟ್ಟೆ. ನಿಂಗೆ ಬೇರೆ ಕೆಲಸಾನೇ ಸಿಗ್ಲಿಲ್ವೇನೇ" ಎಂದು ಒಮ್ಮೆ ಕೇಳಿದರು. ಆಮೇಲೆ ಜಗಳವಾಡಲಿಲ್ಲ. ಲಾಂಡ್ರಿ ಎಂಬ ಮಾತನ್ನೇ ಬಾಯಲ್ಲಿ ಆಡುವುದನ್ನು ಬಿಟ್ಟುಬಿಟ್ಟರು. ಮೈಸೂರಿನಿಂದ ಅವರ ತಂಗಿ ಫೋನು ಮಾಡಿ ಸೊಸೆ ಏನು ಮಾಡುತ್ತಾಳೆಂದು ಕೇಳಿದರೆ, "ಕೆಳಗಡೆ ಏನೋ ಮಾಡ್ಕೊಂಡಿದಾಳೆ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಕನಸಿನ ಹೆಸರು 'ಕೆಳಗಡೆ' ಎಂದಾಯಿತು. ನನಗೆ ಸಿಟ್ಟು ಬರುತ್ತಿತ್ತು. ಕೂಗಾಡುವವರ ಜೊತೆ ನಾನೂ ಕೂಗಾಡಬಲ್ಲೆ. ಬಾಯಿಯನ್ನೇ ಬಿಡದವರ ಜೊತೆ ಏನು ಮಾಡುವುದು?

ಗೆಸ್ಟ್ ಹೌಸುಗಳವರು ಬರೀ ಬಾಯಿಮಾತಿಗೆ ಕೆಲಸ ಕೊಡಲು ಸಿದ್ಧರಿದ್ದರು. ಆದರೆ ನನ್ನ ಕಣ್ಣಿದ್ದದ್ದು ಕೀಲ್ಪಾಕಿನ ಒಂದು ನರ್ಸಿಂಗ್ ಹೋಮಿನ ಮೇಲೆ. ಅಲ್ಲಿಯ ಬಟ್ಟೆ ಸಿಕ್ಕರೆ ವರ್ಷವಿಡೀ ಮೆಷಿನ್ನು ನಿಲ್ಲುವುದಿಲ್ಲ. ಅಲ್ಲಿನ ಮ್ಯಾನೇಜರಮ್ಮ ಸ್ಪಷ್ಟವಾಗಿ ಹೇಳಿದ್ದರು: ಕಾರ್ಪೊರೇಷನ್ನಿನ ಲೈಸೆನ್ಸ್ ತೋರಿಸಿ, ದೀಪಾವಳಿಯ ಒಳಗೆ ತೋರಿಸಿ, ಇಲ್ಲದಿದ್ದರೆ ಇನ್ನೊಬ್ಬರು ಕಾದಿದ್ದಾರೆ. ಆಗಲೇ ಮೆಷಿನ್ನುಗಳನ್ನು ತಂದು ಶೆಡ್ಡಿನಲ್ಲಿ ಇಳಿಸಿಬಿಟ್ಟಿದ್ದೆ. ಅವು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು. ದಿನಾ ಬೆಳಿಗ್ಗೆ ಕೆಳಗಿಳಿದು ಅವುಗಳ ಧೂಳು ಒರೆಸಿ ಬರುತ್ತಿದ್ದೆ.

ಲೈಸೆನ್ಸಿನ ದಾರಿ ಎಂಥದ್ದೆಂದರೆ, ಒಂದು ಕಾಗದ ಕೊಟ್ಟರೆ ಅದು ಇನ್ನೊಂದನ್ನು ಕೇಳುತ್ತದೆ. ಬಾಡಿಗೆ ಕರಾರು ಕೊಟ್ಟರೆ ಓನರಿನ ಆಕ್ಷೇಪಣೆ ಇಲ್ಲವೆಂಬ ಪತ್ರ, ಅದನ್ನು ಕೊಟ್ಟರೆ ಮನೆ ತೆರಿಗೆ ಕಟ್ಟಿದ ರಸೀದಿ, ಅದಾದ ಮೇಲೆ ಕಮರ್ಷಿಯಲ್ ಮೀಟರು, ಆಮೇಲೆ ಕೊಳಚೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ನಕ್ಷೆ. ಝೋನಲ್ ಆಫೀಸಿನ ಗುಮಾಸ್ತೆ ಒಳ್ಳೆಯ ಹೆಂಗಸು. ನನ್ನ ಅರೆಬರೆ ತಮಿಳಿಗೆ ನಗದೆ, "ಇದು ಸೇತ್ತು ಕೊಂಡುವಾಂಗೊ ಮೇಡಂ" ಎಂದು ಪ್ರತಿ ಸಲವೂ ಇನ್ನೊಂದು ಕಾಗದ ಸೇರಿಸಿ ತರಲು ಹೇಳುತ್ತಿದ್ದರು. ತಪ್ಪು ಅವರದ್ದಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಯಾರನ್ನಾದರೂ ಬೈಯಬೇಕೆನ್ನಿಸಿ, ಬೈಯಲು ಯಾರೂ ಸಿಗದೆ, ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಓನರ್ ಮಾಮಾ ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ವೈಷ್ಣವರು. ಮನೆಯಲ್ಲಿ ಕನ್ನಡವೇ, ಆದರೆ ಅರ್ಧ ತಮಿಳಿನಲ್ಲಿ ನೆನೆದ ಕನ್ನಡ. ಪತ್ರಕ್ಕೆ ಸಹಿ ಹಾಕುವ ಮೊದಲು ಒಂದೇ ಷರತ್ತು ಹಾಕಿದರು. "ಏನ್ ಬೇಕಾದ್ರೂ ಪಣ್ಣಮ್ಮಾ, ಪರವಾಯಿಲ್ಲೆ. ಆದ್ರೆ ಸೋಪ್ ತಣ್ಣಿ ವಾಸಲ್ ಕಡೆ ಬರಕೂಡಾದು. ಮಾಮಿ ಕೋಲ ಹಾಕ್ತಾ ಇರ್ತಾಳೆ." ಸೋಪಿನ ನೀರು ಮುಂಬಾಗಿಲಿಗೆ ಬಂದು ಮಾಮಿಯ ರಂಗೋಲಿಗೆ ತೊಂದರೆಯಾಗದ ಹಾಗೆ ಚರಂಡಿಯ ಪೈಪನ್ನು ಮನೆಯ ಹಿಂದಿನಿಂದ ಸುತ್ತಿಸಿ ಒಯ್ದೆ. ನಕ್ಷೆಯನ್ನು ಮತ್ತೆ ಬರೆಸಿದೆ.

ಎಲ್ಲ ಕಾಗದವೂ ಸೇರಿ ಫೈಲು ದಪ್ಪವಾಯಿತು. ಅದನ್ನು ನಾನು ಹೊತ್ತುಗೊತ್ತಿಲ್ಲದೆ ತೆಗೆದು ನೋಡುತ್ತಿದ್ದೆ. ಯಾವುದಾದರೂ ಕಾಗದ ಬಿಟ್ಟುಹೋಗಿದೆಯೇ, ಸಹಿ ಅಳಿಸಿಹೋಗಿದೆಯೇ, ಮೊಹರು ಸರಿಯಾಗಿ ಬಿದ್ದಿದೆಯೇ ಎಂದು. ಅರ್ಜಿ ಒಳಗೆ ಹೋಯಿತು. ಇನ್ನು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಜಾಗ ನೋಡಿ, ಅಸಲು ಕಾಗದಗಳನ್ನು ತಾಳೆ ನೋಡಿ ಬರೆದುಕೊಟ್ಟರೆ ಮುಗಿಯಿತು. ಯಾವಾಗ ಬರುತ್ತಾರೆ? ಬರುತ್ತಾರೆ. ಅಷ್ಟೇ ಉತ್ತರ. ನನ್ನಂಥವಳಿಗೆ ಓಡಾಡುವುದು ಕಷ್ಟವಲ್ಲ, ಕಾಯುವುದು ಕಷ್ಟ. ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಒಲೆ ಬಿಟ್ಟು ಬಾಲ್ಕನಿಗೆ ಓಡುತ್ತಿದ್ದೆ. ಹಾಲು ಎಷ್ಟು ಸಲ ಉಕ್ಕಿತೋ.

ಹೀಗಿರುವಾಗ ನವರಾತ್ರಿ ಬಂತು. ಅತ್ತೆ ಗೊಂಬೆ ಇಟ್ಟರು. ನಾನು ಹೊಸ ಮೀಟರಿನ ಬಿಲ್ಲಿನ ಸಲುವಾಗಿ ವಿದ್ಯುತ್ ಕಚೇರಿಗೆ ಹೋಗಿಬಂದೆ. ಹಬ್ಬ ಅದರ ಪಾಡಿಗೆ ಅದು ನಡೆಯುತ್ತಿತ್ತು, ನಾನು ನನ್ನ ಪಾಡಿಗೆ.

ಇನ್ಸ್‌ಪೆಕ್ಟರ್ ಬಂದದ್ದು ದುರ್ಗಾಷ್ಟಮಿಯ ದಿನ, ಬೆಳಗಿನ ಅಡುಗೆಯ ಹೊತ್ತಿಗೆ. ಮಾರನೆಯ ದಿನದಿಂದ ಆಯುಧಪೂಜೆ, ವಿಜಯದಶಮಿ, ಭಾನುವಾರ ಎಂದು ಸಾಲು ರಜೆ. ಅವರು ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಶೆಡ್ಡಿಗೆ ಹೋಗಿ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬಗ್ಗಿ ನೋಡಿದರು. ನೀರು ಯಾವುದು ಎಂದರು. ಬೋರಿನ ನೀರಿನಲ್ಲಿ ಒಗೆದರೆ ಬಿಳಿ ಬಟ್ಟೆ ಹಳದಿ ತಿರುಗುತ್ತದೆ, ಅದಕ್ಕೇ ಲಾರಿ ನೀರು ತರಿಸಿ ನೆಲದ ಸಂಪಿನಲ್ಲಿ ತುಂಬುತ್ತೇವೆ ಎಂದೆ. ಕೊಳೆ ಬಟ್ಟೆ ಬರುವ ಬಾಗಿಲು, ಒಗೆದ ಬಟ್ಟೆ ಹೋಗುವ ಬಾಗಿಲು ಬೇರೆ ಬೇರೆ ಇರುವುದನ್ನು ತೋರಿಸಿದೆ. ಮಡಿಯ ಮನೆಯಲ್ಲಿ ಬಾಳಿದವಳಿಗೆ ಅದೊಂದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ತಲೆಯಾಡಿಸಿದರು. ಸಣ್ಣಗೆ ಖುಷಿಯಾಗಿದ್ದಾರೆಂದೇ ನನಗನ್ನಿಸಿತು. "ಒರಿಜಿನಲ್ಸ್ ಪಾತ್ತುಡಲಾಮಾ?" ಅಂದರು. ನೋಡಿಬಿಡೋಣ ಎಂದರೆ ಕೆಲಸ ಮುಗಿದ ಹಾಗೆ! ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಫೈಲು ಬೀರುವಿನ ಮೇಲೆ ಇರಲಿಲ್ಲ.

ಬೀರುವಿನ ಒಳಗೂ ಇರಲಿಲ್ಲ. ಹಾಸಿಗೆ ಮಗುಚಿದೆ, ಮಗಳ ಸ್ಕೂಲ್ ಬ್ಯಾಗು ಸುರಿದೆ, ಫ್ರಿಜ್ಜಿನ ಹಿಂದೆಯೂ ಬಗ್ಗಿ ನೋಡಿದೆ. ಗಂಡನ ಆಫೀಸಿಗೆ ಫೋನು ಮಾಡಿದರೆ, "ನಾನು ಮುಟ್ಟಿಲ್ಲ, ಅಮ್ಮನ್ನ ಕೇಳು" ಎಂದರು. ಆಗ ನನಗೆ ಹೊಳೆಯಿತು. ಬೆಂಕಿಯಂಥ ಸಿಟ್ಟು ಬಂತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದುದು ಇದಕ್ಕೇ ಇರಬೇಕು, ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದ್ದಾರೆ ಎಂದುಕೊಂಡೆ.

ಅತ್ತೆ ದೇವರಮನೆಯಲ್ಲಿ ಮಡಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಹೊಸ್ತಿಲಿನ ಹೊರಗೇ ನಿಂತೆ.

"ಅತ್ತೆ, ನನ್ನ ಫೈಲೆಲ್ಲಿ?"

"ಅದು ಪೂಜೆಗೆ ಕೂತಿದೆ."

ಮೊದಲು ಅರ್ಥವಾಗಲಿಲ್ಲ. ಅವರು ಕಣ್ಣಿನಲ್ಲೇ ತೋರಿಸಿದರು. ಸರಸ್ವತಿಯ ಪಟದ ಕೆಳಗೆ ರೇಷ್ಮೆ ವಸ್ತ್ರದ ಮೇಲೆ ಪುಸ್ತಕಗಳ ರಾಶಿ. ಅವರ ಸ್ತೋತ್ರದ ಪುಸ್ತಕಗಳು, ಮಗಳ ಪಾಠದ ಪುಸ್ತಕಗಳು, ಪಂಚಾಂಗ. ಎಲ್ಲಕ್ಕಿಂತ ಮೇಲೆ ನನ್ನ ಹಸಿರು ಫೈಲು. ಅರಿಶಿನ, ಕುಂಕುಮ, ಅಕ್ಷತೆ, ಒಂದು ಎಸಳು ಸೇವಂತಿಗೆ.

ನಮ್ಮ ಕಡೆ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗೆ ಕೂರಿಸಿದರೆ ಶ್ರವಣದ ದಿನ ವಿಸರ್ಜನೆಯಾಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಹಿಂದಿನ ದಿನ ಮೂಲಾ ನಕ್ಷತ್ರ. ವಿದ್ಯುತ್ ಕಚೇರಿಯ ಓಡಾಟದಲ್ಲಿ ನನಗೆ ಅದು ನೆನಪೇ ಇರಲಿಲ್ಲ, ಫೈಲನ್ನೂ ತೆಗೆದು ನೋಡಿರಲಿಲ್ಲ.

"ಅದು ಪುಸ್ತಕ ಅಲ್ಲ ಅತ್ತೆ! ಕಾರ್ಪೊರೇಷನ್ ಕಾಗದ!"

"ನೀನು ಹಗಲೂ ರಾತ್ರಿ ಅದನ್ನೇ ತಾನೆ ಓದ್ತಿದ್ದೆ?" ಅವರು ಹೂವಿನಿಂದ ಕಣ್ಣೆತ್ತಲಿಲ್ಲ. "ಮನೇಲಿ ಯಾರ್ಯಾರು ಏನೇನು ಓದ್ತಾರೋ ಎಲ್ಲಾನೂ ಕೂರಿಸ್ಬೇಕು. ಕೂರಿಸ್ದೆ."

ಬಚ್ಚಿಟ್ಟಿದ್ದರೆ ಜಗಳವಾಡಬಹುದಿತ್ತು. ದೇವರ ಮುಂದೆ ಕೂರಿಸಿದವರ ಜೊತೆ ಹೇಗೆ ಜಗಳವಾಡಲಿ? ಆದರೂ ಆಡಿದೆ. ಇನ್ಸ್‌ಪೆಕ್ಟರ್ ಕೆಳಗೆ ನಿಂತಿದ್ದಾರೆ, ಈಗಲೇ ತೆಗೆದುಕೊಡಿ ಎಂದೆ. "ಇವತ್ತು ತೆಗೆಯೋ ಹಾಗಿಲ್ಲ ಕಣೇ. ನಿಂಗೂ ಗೊತ್ತು" ಎಂದರು. ಗೊತ್ತು ಎಂಬುದೇ ನನ್ನ ಸಂಕಟ. ಮಡಿಯಲ್ಲಿಲ್ಲದ ನಾನು ಹೊಸ್ತಿಲು ದಾಟಿ ಕೈಹಾಕಿ ಎಳೆದುಕೊಂಡರೆ ಯಾರೂ ತಡೆಯುತ್ತಿರಲಿಲ್ಲ. ಒಂದು ಕಾಲು ಎತ್ತಿಯೂ ಇದ್ದೆ. ಆದರೆ ಆ ಕಾಲು ಮುಂದೆ ಹೋಗಲಿಲ್ಲ. ಹೊಸ್ತಿಲ ಈಚೆಗೇ ಅತ್ತಿಂದಿತ್ತ ನಡೆದಾಡಿದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಕಾದು ಕಾದು ಮೇಲೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಮೇಡಂ?" ಎಂದರು. ನಾನು ಹರಕುಮುರುಕು ತಮಿಳಿನಲ್ಲಿ ವಿಷಯ ಹೇಳಿದೆ. ಅವರು ಹಜಾರದಿಂದಲೇ ಬಗ್ಗಿ ಪಟದ ಕಡೆ ನೋಡಿದರು. ಅವರ ಮುಖ ಸ್ವಲ್ಪ ಗೊಂದಲಕ್ಕೆ ಬಿತ್ತು.

"ನಾಳೈಕ್ಕು ದಾನೇ ಸರಸ್ವತಿ ಪೂಜೈ? ಅದುಕ್ಕುಳ್ಳೇ ವೆಚ್ಚುಟೀಂಗಳಾ?"

ಅವರ ಲೆಕ್ಕದಲ್ಲಿ ಪೂಜೆ ನಾಳೆ, ಇವತ್ತೇ ಹೇಗೆ ಇಟ್ಟರು ಎಂಬುದು ಪ್ರಶ್ನೆ. ಅತ್ತೆಗೆ ತಮಿಳು ಬರುವುದಿಲ್ಲ. ಆದರೂ ಪೂಜೆಯ ವಿಷಯ ಎಂದು ತಿಳಿದು ಒಳಗಿನಿಂದಲೇ, "ನಮ್ಮಲ್ಲಿ ಮೂಲಾ ನಕ್ಷತ್ರಕ್ಕೆ ಕೂರಿಸ್ತೀವಪ್ಪಾ, ನಿನ್ನೇನೇ ಆಯ್ತು" ಎಂದರು. ಇನ್ಸ್‌ಪೆಕ್ಟರಿಗೂ ಅದು ಹೇಗೋ ಅರ್ಥವಾಯಿತು. ಕೈಮುಗಿದರು. ಮನೆಯಲ್ಲಿ ತಮ್ಮ ಅಮ್ಮನೂ ಹೀಗೇ ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲವೆಂದೂ, ಓದುವುದು ತಪ್ಪಿತೆಂದು ತಮಗೆ ಖುಷಿಯೋ ಖುಷಿ ಎಂದೂ ಹೇಳಿ ಮೊದಲ ಸಲ ನಕ್ಕರು. "ಬಿಡಿ ಮೇಡಂ, ಪೂಜೆ ಮುಗಿಯಲಿ" ಎಂದು ತಮಿಳಿನಲ್ಲಿ ಹೇಳಿ ತಿರುಗಿದರು. ನಾನು ನಿಟ್ಟುಸಿರುಬಿಟ್ಟೆ. ಅಷ್ಟರಲ್ಲಿ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಸೇರಿಸಿದರು. ರಜೆಯ ನಂತರ ತಮಗೆ ಬೇರೆ ವಲಯಕ್ಕೆ ವರ್ಗ. ಹೊಸಬರು ಬಂದು ಜಾಗವನ್ನು ಮತ್ತೆ ಮೊದಲಿನಿಂದ ನೋಡಬೇಕು. ಯಾವಾಗ ಬರುತ್ತಾರೋ ಹೇಳಲಾಗದು.

ದೀಪಾವಳಿ ಹೋಯಿತು, ಕೀಲ್ಪಾಕ್ ಹೋಯಿತು, ಪ್ಲಾಸ್ಟಿಕ್ ಹೊದ್ದ ಮೆಷಿನ್ನುಗಳು ಹಾಗೇ ಉಳಿದವು ಎಂದು ನನ್ನ ಕಣ್ಣ ಮುಂದೆ ಎಲ್ಲ ಓಡಿಹೋಯಿತು. ಜೀವಮಾನದಲ್ಲಿ ಅದೊಂದು ಸಲ ನಾನು ನಿಂತಲ್ಲೇ ಅಲ್ಲಾಡದೆ ನಿಂತಿದ್ದೆ.

"ಏನಂತೆ?" ಅತ್ತೆ ಕೇಳಿದರು.

ಹೇಳಿದೆ. ಬೇಡಿಕೊಳ್ಳಲಿಲ್ಲ, ದನಿ ಏರಿಸಲೂ ಇಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದೆ.

ಅತ್ತೆ ಕಟ್ಟುತ್ತಿದ್ದ ಹೂವನ್ನು ಬಾಳೆಲೆಯ ಮೇಲಿಟ್ಟು, "ಅವರನ್ನ ನಿಲ್ಲೋಕೆ ಹೇಳು" ಎಂದು ಎದ್ದರು.

ನಾನು ಹೊಸ್ತಿಲಿನ ಈಚೆಯಿಂದ ನೋಡಿದೆ. ಅವರು ದೀಪದ ಬತ್ತಿ ಏರಿಸಿದರು. ಬಟ್ಟಲಿನಲ್ಲಿದ್ದ ಅಕ್ಷತೆ ಹಿಡಿದು, ಗಲ್ಲ ಗಲ್ಲ ಬಡಿದುಕೊಂಡು, ತಪ್ಪಾಯಿತೆಂದು ತುಟಿಯಲ್ಲೇ ಹೇಳಿಕೊಂಡರು. ಶ್ರವಣದ ದಿನ ಮಾಡಬೇಕಾದ ವಿಸರ್ಜನೆಯನ್ನು ನನ್ನ ಫೈಲೊಂದಕ್ಕೇ ಮಾಡಿದರು. ಅಕ್ಷತೆ ಹಾಕಿ, ಮಂತ್ರ ಹೇಳಿ, ಮೆಲ್ಲಗೆ ಉತ್ತರಕ್ಕೆ ಸರಿಸಿದರು. ಉಳಿದ ಪುಸ್ತಕಗಳು ಕೂತಲ್ಲೇ ಕೂತಿದ್ದವು. ಅರವತ್ತು ದಾಟಿದ ಆ ಹೆಂಗಸು ಪೂಜೆಗೆ ಕೂತದ್ದನ್ನು ಹಾಗೆ ನಡುವಿನಲ್ಲಿ ಎಬ್ಬಿಸಿದ್ದು ಅದೇ ಮೊದಲಿರಬೇಕು. ನನಗೆ ಅಳು ಬಂತು, ತಡೆದುಕೊಂಡೆ.

ಫೈಲನ್ನು ಹಿಡಿದು ಹಜಾರಕ್ಕೆ ಬಂದರು. ಮಡಿಯಲ್ಲಿದ್ದವರು ಯಾರ ಕೈಗೂ ಕೊಡುವಂತಿಲ್ಲ. ಅದನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಇನ್ಸ್‌ಪೆಕ್ಟರಿಗೆ ಹೇಳಿದರು.

"ತಗೊಳ್ಳಪ್ಪಾ. ನಮ್ಮ ಲಾಂಡ್ರಿ ಫೈಲು."

ಇಷ್ಟು ತಿಂಗಳಲ್ಲಿ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಮತ್ತೆ ಚಪ್ಪಲಿ ಕಳಚಿ, ನೆಲದಿಂದ ಫೈಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ತೆರೆದರು. ಅಕ್ಷತೆ ಉದುರಿತು. ಬಾಡಿಗೆ ಕರಾರಿನ ಸ್ಟಾಂಪ್ ಪೇಪರಿನ ಅಂಚಿಗೆ ಅರಿಶಿನ ಇಳಿದು ದೊಡ್ಡ ಕಲೆಯಾಗಿತ್ತು. ಲಾಂಡ್ರಿ ನಡೆಸುವವರ ಕಾಗದದಲ್ಲೇ ಕಲೆಯೇ ಎಂದು ಅವರು ತಮಿಳಿನಲ್ಲಿ ಕಿಚಾಯಿಸಿದರು. ಅರಿಶಿನದ ಕಲೆ ಸೋಪಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ. ಆದರೆ ಕರಾರು ಪತ್ರವನ್ನು ತಾರಸಿಯ ತಂತಿಗೆ ಹಾಕಲು ಬರುತ್ತದೆಯೇ? ಹೀಗೆಂದೆ. ಅವರು ನಗುತ್ತಲೇ ಒಂದೊಂದು ಕಾಗದವನ್ನೂ ತಾಳೆ ನೋಡಿ, ಗೋಡೆಗೆ ಒತ್ತಿ ಹಿಡಿದು ತಮ್ಮ ವರದಿ ಬರೆದರು. ಅತ್ತೆ ತಂದಿಟ್ಟ ಮಜ್ಜಿಗೆ ಕುಡಿದು ಹೋದರು.

ಆ ದಿನ ಅತ್ತೆ ಊಟ ಮಾಡಲಿಲ್ಲ. ಮಧ್ಯಾಹ್ನ ಹಸಿವಿಲ್ಲ ಎಂದರು. ಸಂಜೆ ಹಣ್ಣನ್ನೂ ಮುಟ್ಟಲಿಲ್ಲ. ಫೈಲು ಎಬ್ಬಿಸಿದ್ದಕ್ಕೆ ಉಪವಾಸ ಎಂದು ಕೇಳದೆಯೇ ತಿಳಿಯಿತು. ನಾನೂ ಉಪವಾಸ ಇರುತ್ತೇನೆ ಎಂದದ್ದಕ್ಕೆ, "ನೀನು ಯಾಕೆ? ಮುಟ್ಟಿದ್ದು ನಾನು" ಎಂದು ಗದರಿ, ಬಿಸಿ ಅನ್ನ ಬಡಿಸಿದರು. ನಾನು ಎಂದಿನಂತೆ ನಿಂತೇ ತಿಂದೆ. ಅವರು ಮಜ್ಜಿಗೆಯ ಪಾತ್ರೆಯನ್ನು ನನ್ನ ಕೈಗೆಟುಕುವ ಹಾಗೆ ಸರಿಸಿಟ್ಟರು.

ದೀಪಾವಳಿಗೆ ಮೊದಲೇ ಲೈಸೆನ್ಸ್ ಕೈಗೆ ಬಂತು. ಕೀಲ್ಪಾಕಿನ ಬಟ್ಟೆಯೂ ಬಂತು. ಮೆಷಿನ್ನುಗಳ ಪ್ಲಾಸ್ಟಿಕ್ ಕಿತ್ತೆಸೆದೆ. ಆಮೇಲೆ ನೆಮ್ಮದಿ ಎಂದುಕೊಂಡಿದ್ದೆನಲ್ಲ, ಅದು ಶುದ್ಧ ಸುಳ್ಳು. ಲಾರಿ ನೀರು ಬರದ ದಿನ, ಕರೆಂಟು ಹೋದ ದಿನ, ಮಳೆಯಲ್ಲಿ ತಾರಸಿಯ ಬಟ್ಟೆ ನೆನೆದ ದಿನ. ಲೈಸೆನ್ಸನ್ನು ವರ್ಷ ವರ್ಷ ಹೊಸದು ಮಾಡಿಸಬೇಕು ಎಂಬುದು ಬೇರೆ. ಮೊದಲು ಬಾಲ್ಕನಿಗೆ ಓಡುತ್ತಿದ್ದವಳು ಈಗ ಕೆಳಗೂ ಮೇಲೂ ಓಡುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಮರುವರ್ಷ ಮೂಲಾ ನಕ್ಷತ್ರದ ಹಿಂದಿನ ದಿನ. ನಾನು ಕಟ್ಟೆಗೆ ಒರಗಿ ಉಣ್ಣುತ್ತಿದ್ದೆ. ಅತ್ತೆ ಹೊರಗೆ ಹೋಗಿದ್ದವರು ಬಂದು, ಸೆರಗಿನೊಳಗಿನಿಂದ ಒಂದು ಕಾಗದ ತೆಗೆದರು. ನನ್ನ ಲೈಸೆನ್ಸಿನ ಜೆರಾಕ್ಸು. ತಮಿಳು ಬಾರದವರು ಒಬ್ಬರೇ ಬೀದಿ ಕೊನೆಯ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದರು.

"ಈ ಸಲ ಜೆರಾಕ್ಸ್ ಕೂರಿಸ್ತೀನಿ. ಒರಿಜಿನಲ್ ನಿನ್ನ ಹತ್ರಾನೇ ಇರಲಿ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ವರ್ಷದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟೆ. "ಹೋದ ವರ್ಷ ಫೈಲು ಕೂರಿಸಿ ಏನು ಕೇಳ್ಕೊಂಡ್ರಿ ಅತ್ತೆ? ಲೈಸೆನ್ಸ್ ಬರಲಿ ಅಂತಾನಾ, ಬರದೇ ಇರಲಿ ಅಂತಾನಾ?"

"ಎರಡೂ ಅಲ್ಲ." ಅವರು ಕಾಗದದ ಮಡಿಕೆಯನ್ನು ಅಂಗೈಯಿಂದ ತೀಡಿ ಸರಿಮಾಡುತ್ತಿದ್ದರು. "ಏನಾದ್ರೂ ಒಂದು ಆಗಿ ಮುಗೀಲಿ, ಈ ಹುಡುಗಿ ಒಂದು ಕಡೆ ಕೂತು ಊಟ ಮಾಡೋ ಹಾಗಾಗ್ಲಿ ಅಂತ ಕೇಳ್ಕೊಂಡೆ."

ನನ್ನ ಕೈಯಲ್ಲಿ ತಟ್ಟೆ ಇತ್ತು.

"ಆಗ್ಲಿಲ್ವಲ್ಲ" ಎಂದೆ.

"ಅದಕ್ಕೇ ಮತ್ತೆ ಕೂರಿಸ್ತಿರೋದು" ಎಂದು ಅವರು ದೇವರಮನೆಯ ಕಡೆ ಹೋದರು.

ಕೆಳಗೆ ಯಾವುದೋ ಗಾಡಿ ಬಂದು ನಿಂತ ಸದ್ದಾಯಿತು. ನಾನು ಮಣೆ ಎಳೆದುಕೊಂಡು ಕೂತೆ.